ಫಾರ್ಮಸಿ ಪಾಠದಲ್ಲಿ ವೈದ್ಯಕೀಯ ಚಿತ್ರ: ಸೊಲ್ಲಾಪುರ, ಅಕ್ಕಲಕೋಟೆ ಸೀಮೆ

ಎಕ್ಸ್‌ರೇ, ಸೋನೋಗ್ರಫಿ, ಸಿ.ಟಿ., ಎಂ.ಆರ್.ಐ., ಎಂಡೋಸ್ಕೋಪಿ, ಗಾಮಾ ಕ್ಯಾಮರಾ ಮುಂತಾದವುಗಳಿಂದ ತೆಗೆದ ದೇಹದ ಒಳಚಿತ್ರಗಳನ್ನು ಔಷಧ ವಿಜ್ಞಾನದ ವಿದ್ಯಾರ್ಥಿಗಳಿಗೆ ಪಾಠೋಪಕರಣವಾಗಿ ತೋರಿಸುವ ಕ್ರಮ. ವೈದ್ಯ ವಿದ್ಯಾರ್ಥಿ ಇಂಥ ಚಿತ್ರವನ್ನು ರೋಗ ಹುಡುಕಲು ಓದುತ್ತಾನೆ. ಫಾರ್ಮಸಿ ವಿದ್ಯಾರ್ಥಿಗೆ ಆ ಹೊಣೆ ಇಲ್ಲ, ಅಧಿಕಾರವೂ ಇಲ್ಲ. ನುಂಗಿದ ಗುಳಿಗೆ ಎಲ್ಲಿ ಕರಗಿತು, ಎಲ್ಲಿ ಅಂಟಿ ಕೂತು ಹುಣ್ಣು ಮಾಡಿತು, ಬಾಯಿಗೆ ಹಿಡಿದ ಇನ್‌ಹೇಲರಿನ ಔಷಧದಲ್ಲಿ ಎಷ್ಟು ಶ್ವಾಸಕೋಶ ತಲುಪಿತು ಎಂಬುದು ಅವನ ಪ್ರಶ್ನೆ. ಇದರ ಜೊತೆಗೆ ಇನ್ನೊಂದು ಸಂಗತಿ ಇದೆ, ಬೋಧಕರು ಹೆಚ್ಚಾಗಿ ಮರೆಯುವಂಥದ್ದು. ಚಿತ್ರ ಮೂಡಲೆಂದು ಕುಡಿಸುವ ಬೇರಿಯಂ, ರಕ್ತನಾಳಕ್ಕೆ ಕೊಡುವ ಅಯೋಡಿನ್ ದ್ರಾವಣ, ಗಾಮಾ ಕ್ಯಾಮರಾದ ಮುಂದೆ ಮಿನುಗುವ ಟೆಕ್ನೀಶಿಯಂ ಎಲ್ಲವೂ ಔಷಧಗಳೇ. ಬೇರೆಯವರಿಗೆ ಈ ಚಿತ್ರ ಪಾಠದ ಅಲಂಕಾರವಾದರೆ ಫಾರ್ಮಸಿಯವರಿಗೆ ಅದನ್ನು ಬರೆದ ಶಾಯಿಯೇ ಪಾಠ.

ಸೀಮೆ ಮತ್ತು ಸಂಸ್ಥೆಗಳು

ಮಹಾರಾಷ್ಟ್ರದ ಸೊಲ್ಲಾಪುರ 12ನೆಯ ಶತಮಾನದ ಶರಣ ಸಿದ್ಧರಾಮನ ಸೊನ್ನಲಿಗೆ. ಅಲ್ಲಿಂದ ಆಗ್ನೇಯಕ್ಕೆ ಸುಮಾರು 40 ಕಿ.ಮೀ. ದೂರದ ಅಕ್ಕಲಕೋಟೆ ಸ್ವಾತಂತ್ರ್ಯದವರೆಗೂ ಭೋಸಲೆ ಮನೆತನದ ಸಂಸ್ಥಾನವಾಗಿತ್ತು. ಇಂದು ಸ್ವಾಮಿ ಸಮರ್ಥರ ಕ್ಷೇತ್ರವೆಂದು ಹೆಸರಾಗಿದೆ. ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರ ತಾಲೂಕಿನ ಹಳ್ಳಿಗಳ ಮನೆಮಾತು ಬಹುಮಟ್ಟಿಗೆ ಕನ್ನಡ. 1967ರ ಮಹಾಜನ ಆಯೋಗ ಅಕ್ಕಲಕೋಟೆಯನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿದ್ದು ಈ ಕಾರಣದಿಂದಲೇ. ಶಿಫಾರಸು ಕಾಗದದಲ್ಲಿ ಉಳಿಯಿತು. ಕನ್ನಡ ಶಾಲೆಗಳಲ್ಲಿ ಓದಿದ ಮಕ್ಕಳು ಮುಂದೆ ಮರಾಠಿ ವಾತಾವರಣದ, ಇಂಗ್ಲಿಷ್ ಪುಸ್ತಕಗಳ ಕಾಲೇಜಿಗೆ ಹೋಗುವುದು ಮುಂದುವರಿಯಿತು.

ಚಿತ್ರಗಳ ದೊಡ್ಡ ಮೂಲ ಸೊಲ್ಲಾಪುರ ನಗರದಲ್ಲೇ ಇದೆ. ಡಾ. ವೈಶಂಪಾಯನ ಸ್ಮಾರಕ ಸರ್ಕಾರಿ ವೈದ್ಯಕೀಯ ಕಾಲೇಜು 1963ರಲ್ಲಿ ಆರಂಭವಾಯಿತು. ಅದಕ್ಕೆ ಸೇರಿದ ಆಸ್ಪತ್ರೆಯನ್ನು ಊರಿನವರು ಇಂದಿಗೂ ಸಿವಿಲ್ ಎಂದೇ ಕರೆಯುತ್ತಾರೆ. ಅಕ್ಕಲಕೋಟೆಯ ದಾರಿಯ ಕುಂಭಾರಿಯಲ್ಲಿ ಅಶ್ವಿನಿ ಗ್ರಾಮೀಣ ವೈದ್ಯಕೀಯ ಕಾಲೇಜು ಇದೆ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು 2004ರಲ್ಲಿ ಸ್ಥಾಪನೆಯಾದ, ಈಗ ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳ್ಕರ್ ಅವರ ಹೆಸರು ಹೊತ್ತ ಸೊಲ್ಲಾಪುರ ವಿಶ್ವವಿದ್ಯಾಲಯದ ವ್ಯಾಪ್ತಿ ಒಂದೇ ಜಿಲ್ಲೆ. ನಗರದ ಡಿ.ಎಸ್.ಟಿ.ಎಸ್. ಮಂಡಳದ ಫಾರ್ಮಸಿ ಕಾಲೇಜು, ಪಂಢರಪುರದ ಸ್ವೇರಿ ಸಂಸ್ಥೆಯ ಕಾಲೇಜು, ಸಾಂಗೋಲಾ ಬಳಿಯ ಸಹ್ಯಾದ್ರಿ ಕಾಲೇಜು ಜಿಲ್ಲೆಯಲ್ಲಿ ಪರಿಚಿತ ಹೆಸರುಗಳು. ಗಡಿ ದಾಟಿದರೆ ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ, ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಫಾರ್ಮಸಿ ಕಾಲೇಜುಗಳಿವೆ. ಪಠ್ಯಕ್ರಮ ಮಾತ್ರ ಗಡಿಯ ಎರಡೂ ಕಡೆ ಒಂದೇ.

ಪಠ್ಯದಲ್ಲಿ ಚಿತ್ರಕ್ಕೆ ಜಾಗ

ಭಾರತದಲ್ಲಿ ಫಾರ್ಮಸಿ ಪದವಿ ಶಿಕ್ಷಣ 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಅವರ ಪ್ರಯತ್ನದಿಂದ ಆರಂಭವಾಯಿತು. 1948ರ ಫಾರ್ಮಸಿ ಕಾಯ್ದೆ, ಮರುವರ್ಷ ರಚನೆಯಾದ ಫಾರ್ಮಸಿ ಕೌನ್ಸಿಲ್ ಅದಕ್ಕೆ ಚೌಕಟ್ಟು ಹಾಕಿದವು. ಆರಂಭದಿಂದಲೂ ಈ ಶಿಕ್ಷಣದ ಒಲವು ರಸಾಯನಶಾಸ್ತ್ರದ ಕಡೆಗೆ, ಕಾರ್ಖಾನೆಯ ಕಡೆಗೆ. ಹುಡುಗರು ಅಣುವಿನ ಷಟ್ಕೋನಗಳನ್ನು ಕಣ್ಣುಮುಚ್ಚಿ ಬರೆಯುತ್ತಾರೆ. ಆ ಅಣು ಕೆಲಸ ಮಾಡುವ ಮೂತ್ರಪಿಂಡ ಬೆನ್ನಿನ ಯಾವ ಎತ್ತರದಲ್ಲಿದೆ ಎಂದರೆ ತಡವರಿಸುತ್ತಾರೆ. ಅವರ ತಪ್ಪಲ್ಲ. ಶವಚ್ಛೇದನ ವೈದ್ಯಕೀಯ ಕಾಲೇಜಿನ ಹಕ್ಕು. ಬಿ.ಫಾರ್ಮ್ ಮೊದಲ ವರ್ಷದ ಅಂಗರಚನಾ ಪ್ರಯೋಗಾಲಯದಲ್ಲಿ ಎಲುಬಿನ ಹಂದರ, ಪ್ಲಾಸ್ಟಿಕ್ ಮಾದರಿಗಳು, ಗೋಡೆಯ ಚಾರ್ಟು, ಸೂಕ್ಷ್ಮದರ್ಶಕ ಇರುತ್ತವೆ. ಚಾರ್ಟಿನಲ್ಲಿ ಯಕೃತ್ತು ಕಂದು, ಪಿತ್ತಕೋಶ ಹಸಿರು, ಅಪಧಮನಿ ಕೆಂಪು. ಎಲ್ಲ ಅಂಗಗಳೂ ಬೇರೆಬೇರೆಯಾಗಿ, ಒಪ್ಪವಾಗಿ ಕೂತಿರುತ್ತವೆ. ನಿಜದ ದೇಹ ಅಷ್ಟು ಶಿಸ್ತಿನದಲ್ಲ.

2017ರಿಂದ ಜಾರಿಯಾದ ಸೆಮಿಸ್ಟರ್ ಪಠ್ಯದಲ್ಲಿ ಚಿತ್ರಕ್ಕೆ ಪ್ರತ್ಯೇಕ ಪತ್ರಿಕೆ ಇಲ್ಲ, ಬಾಗಿಲುಗಳು ಹಲವು. ಮೊದಲೆರಡು ಸೆಮಿಸ್ಟರಿನ ಅಂಗರಚನೆ ಮತ್ತು ಶರೀರಕ್ರಿಯಾ ಶಾಸ್ತ್ರ. ಎರಡನೆಯ ಸೆಮಿಸ್ಟರಿನ ರೋಗಶರೀರಕ್ರಿಯೆ, ಇದರಲ್ಲಿ ಕ್ಷಯ, ಸಂಧಿವಾತ, ಎಲುಬು ಸವೆತ ಬರುತ್ತವೆ. ನಿರವಯವ ರಸಾಯನ ಪತ್ರಿಕೆಯಲ್ಲಿ ವಿಕಿರಣಶೀಲ ಔಷಧಗಳ ಒಂದು ಘಟಕ. ಏಳನೆಯ ಸೆಮಿಸ್ಟರಿನಲ್ಲಿ ಹೊಸ ಬಗೆಯ ಔಷಧ ವಾಹಕಗಳು. ಔಷಧಕ್ರಿಯಾ ಶಾಸ್ತ್ರದ ಪ್ರಾಣಿ ಪ್ರಯೋಗಗಳನ್ನು ಸಾಫ್ಟ್‌ವೇರ್ ಮತ್ತು ವಿಡಿಯೊ ಮೂಲಕ ತೋರಿಸಬೇಕೆಂದು ಪಠ್ಯಕ್ರಮವೇ ಹೇಳುತ್ತದೆ. ಪುದುಚೇರಿಯ ಜಿಪ್ಮರ್‌ನಲ್ಲಿ ರೂಪುಗೊಂಡ ಎಕ್ಸ್‌ಫಾರ್ಮ್ ಇದಕ್ಕೆ ಹೆಸರುವಾಸಿ. ಕಪ್ಪೆಯ ಹೃದಯವನ್ನು ಪರದೆಯ ಮೇಲೆ ಒಪ್ಪಿಕೊಂಡ ತರಗತಿ ಮನುಷ್ಯನ ಎದೆಯ ಚಿತ್ರವನ್ನು ಒಪ್ಪಿಕೊಳ್ಳಲು ಅಡ್ಡಿಯಿರಬಾರದು.

ಚಿತ್ರಗಳ ಬಗೆ

1895ರ ನವೆಂಬರ್ 8ರಂದು ರಾಂಟ್‌ಜನ್ ಕಂಡ ಎಕ್ಸ್ ಕಿರಣ ಇಂದು ಅಕ್ಕಲಕೋಟೆಯ ಸಂತೆಗೆ ಬರುವ ಮುದುಕಿಗೂ ಗೊತ್ತು. ಅವಳು ಅದನ್ನು ಫೋಟೊ ಎನ್ನುತ್ತಾಳೆ. ಎಲುಬು ಬಿಳಿ, ಗಾಳಿ ತುಂಬಿದ ಶ್ವಾಸಕೋಶ ಕಪ್ಪು. ಸೊಲ್ಲಾಪುರಿ ಚಾದರದ ಒಂದು ಮಗ್ಗುಲಿನ ಬಣ್ಣಗಳು ಇನ್ನೊಂದು ಮಗ್ಗುಲಲ್ಲಿ ಅದಲುಬದಲಾಗಿ ಕಾಣುವಂತೆ ಈ ಫೋಟೊ ಮಾಮೂಲಿ ಫೋಟೊದ ತಿರುವುಮುರುವು. ಮಗ್ಗದ ಮನೆಯ ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು.

1971ರಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಲಂಡನ್ನಿನಲ್ಲಿ ಮೊದಲ ರೋಗಿಯ ಮೇಲೆ ಪ್ರಯೋಗಿಸಿದ ಸಿ.ಟಿ. ದೇಹವನ್ನು ಬಿಲ್ಲೆಬಿಲ್ಲೆಯಾಗಿ ತೋರಿಸುತ್ತದೆ. ಅಟ್ಟಿ ಹಚ್ಚಿಟ್ಟ ಜೋಳದ ಕಡಕ್ ರೊಟ್ಟಿಗಳಿಂದ ನಡುವಿನ ಒಂದನ್ನು ಎಳೆದು ನೋಡಿದ ಹಾಗೆ. ಪ್ರತಿ ಚುಕ್ಕೆಗೂ ಒಂದು ಅಂಕೆ: ನೀರು 0, ಗಾಳಿ -1000, ಕೊಬ್ಬು ಸುಮಾರು -100, ಗಟ್ಟಿ ಎಲುಬು ಸಾವಿರದ ಆಸುಪಾಸು. ಇಲ್ಲಿ ಫಾರ್ಮಸಿ ವಿದ್ಯಾರ್ಥಿಗೆ ತೋರಿಸಬೇಕಾದ ಸೊಗಸಾದ ಚಿತ್ರವೊಂದಿದೆ. ಹೃದಯ ಬಡಿತದ ದೋಷಕ್ಕೆ ಬಹುಕಾಲ ಅಮಿಯೊಡರೋನ್ ನುಂಗಿದವರ ಯಕೃತ್ತು ಯಾವ ದ್ರಾವಣ ಕೊಡದೆಯೂ ಸಿ.ಟಿ.ಯಲ್ಲಿ ಬೆಳ್ಳಗೆ ಹೊಳೆಯಬಹುದು. ಆ ಅಣುವಿನ ತೂಕದ ಸುಮಾರು ಶೇ. 37 ಅಯೋಡಿನ್. ಔಷಧ ಅಂಗದಲ್ಲಿ ಶೇಖರವಾಗುತ್ತದೆ ಎಂಬ ಪುಸ್ತಕದ ವಾಕ್ಯ ಕಣ್ಣೆದುರು ನಿಲ್ಲುತ್ತದೆ. ಹಾಗೆಯೇ ಮಕ್ಕಳು ಗೊತ್ತಿಲ್ಲದೆ ನುಂಗಿದ ಕಬ್ಬಿಣದ ಗುಳಿಗೆಗಳು ಹೊಟ್ಟೆಯ ಎಕ್ಸ್‌ರೇಯಲ್ಲಿ ಬಿಳಿ ಕಾಳುಗಳಂತೆ ಕಾಣಿಸಬಲ್ಲವು. ಶಾಲೆ, ಅಂಗನವಾಡಿಗಳಲ್ಲಿ ಕಬ್ಬಿಣದ ಗುಳಿಗೆ ಹಂಚುವ ನಾಡಿನಲ್ಲಿ ಡಬ್ಬಿಯನ್ನು ಕೈಗೆಟುಕದಂತೆ ಇಡಿ ಎಂಬ ಸೂಚನೆಗೆ ಇದಕ್ಕಿಂತ ಒಳ್ಳೆಯ ಟಿಪ್ಪಣಿ ಬೇಕಿಲ್ಲ.

ಎಂ.ಆರ್.ಐ. ಮತ್ತು ಸೋನೋಗ್ರಫಿ ಮೆದು ಅಂಗಗಳ ಪಾಠಕ್ಕೆ ಉಪಯುಕ್ತ. ಎರಡರಲ್ಲೂ ಎಕ್ಸ್ ಕಿರಣ ಇಲ್ಲ. ಎಂಡೋಸ್ಕೋಪಿಯನ್ನು ಬಹಳ ಮಂದಿ ಈ ಪಟ್ಟಿಗೆ ಸೇರಿಸುವುದಿಲ್ಲ, ಸೇರಿಸಬೇಕು. ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲನ್ನು ಒಂದು ಗುಟುಕು ನೀರಿನಲ್ಲಿ ನುಂಗಿ ಮಲಗಿದವರ ಅನ್ನನಾಳದಲ್ಲಿ ಎದ್ದ ಹುಣ್ಣಿನ ಚಿತ್ರ ನೋಡಿದ ವಿದ್ಯಾರ್ಥಿ ಮುಂದೆ ಕೌಂಟರಿನಲ್ಲಿ ನಿಂತಾಗ ‘ಒಂದು ಲೋಟ ನೀರು ಕುಡಿರಿ, ಕೂಡಲೆ ಅಡ್ಡಾಗಬ್ಯಾಡ್ರಿ’ ಎಂದು ಹೇಳಲು ಮರೆಯುವುದಿಲ್ಲ. ಎಲುಬು ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ನುಂಗಿ ಅರ್ಧ ಗಂಟೆ ಮಲಗಬಾರದು ಎಂಬ ನಿಯಮವೂ ಇದೇ ಬಗೆಯದು.

ಗುಳಿಗೆಯ ಹಿಂದೆ ಹೋಗುವುದು

ಫಾರ್ಮಸಿಯವರೇ ಚಿತ್ರ ತೆಗೆಸಿದ ಕ್ಷೇತ್ರ ಇದು. ಟೆಕ್ನೀಶಿಯಂ-99ಎಂ ಎಂಬ ವಿಕಿರಣಶೀಲ ಐಸೊಟೋಪಿನ ಅರ್ಧಾಯು 6 ಗಂಟೆ. ಇದನ್ನು ಅತ್ಯಲ್ಪ ಪ್ರಮಾಣದಲ್ಲಿ ಗುಳಿಗೆಯೊಳಗೆ ಸೇರಿಸಿ, ಅದನ್ನು ನುಂಗಿದವರನ್ನು ಗಾಮಾ ಕ್ಯಾಮರಾದ ಮುಂದೆ ಕೂರಿಸಿದರೆ, ಜಠರದಿಂದ ಸಣ್ಣಕರುಳು, ಅಲ್ಲಿಂದ ದೊಡ್ಡಕರುಳಿನವರೆಗೆ ಗುಳಿಗೆಯ ಪ್ರಯಾಣವನ್ನು ಹಿಂಬಾಲಿಸಬಹುದು. ಜಠರದ ಆಮ್ಲದಲ್ಲಿ ಕರಗದೆ ಕರುಳಲ್ಲಿ ಕರಗುವಂತೆ ಲೇಪಿಸಿದ ಗುಳಿಗೆ ಮಾತು ಉಳಿಸಿಕೊಂಡಿತೇ ಎಂಬುದು ಆಗ ತಿಳಿಯುತ್ತದೆ. ಇದೇ ವಿಧಾನ ಇನ್‌ಹೇಲರುಗಳ ಒಳಗುಟ್ಟನ್ನೂ ಹೊರಗೆಡವಿತು. ಒತ್ತಿ ಎಳೆದುಕೊಳ್ಳುವ ಹಳೆಯ ಮಾದರಿಯ ಇನ್‌ಹೇಲರಿನಲ್ಲಿ ಶ್ವಾಸಕೋಶಕ್ಕೆ ಹೋಗುತ್ತಿದ್ದುದು ಹತ್ತರಲ್ಲಿ ಒಂದೋ ಎರಡೋ ಪಾಲು. ಉಳಿದದ್ದು ಬಾಯಿ ಗಂಟಲಿಗೆ ಬಡಿದು ಹೊಟ್ಟೆಗಿಳಿಯುತ್ತಿತ್ತು. ದಮ್ಮಿನ ರೋಗಿಗೆ ಸ್ಪೇಸರ್ ಯಾಕೆ ಕೊಡಬೇಕು, ಸ್ಟೀರಾಯ್ಡ್ ಎಳೆದುಕೊಂಡ ಮೇಲೆ ಬಾಯಿ ಯಾಕೆ ಮುಕ್ಕಳಿಸಬೇಕು ಎಂಬ ಎರಡು ಪ್ರಶ್ನೆಗೂ ಆ ಒಂದೇ ಚಿತ್ರ ಉತ್ತರ. ಪುಟಗಟ್ಟಲೆ ಟಿಪ್ಪಣಿಗಿಂತ ಗಂಟಲಲ್ಲಿ ಉರಿಯುವ ಆ ಕೆಂಪು ಮಚ್ಚೆ ಹೆಚ್ಚು ಕಲಿಸುತ್ತದೆ.

ಗಾಮಾ ಕ್ಯಾಮರಾ ಎಲ್ಲ ಊರಿಗೂ ಎಟುಕುವುದಿಲ್ಲ. ಭಾರತದ ಎಂ.ಫಾರ್ಮ್ ಪ್ರಬಂಧಗಳಲ್ಲಿ ಹಾಗಾಗಿ ಬೇರಿಯಂ ಮತ್ತು ಮೊಲದ ಜೋಡಿ ಜನಪ್ರಿಯವಾಯಿತು. ಜಠರದಲ್ಲಿ ತೇಲುತ್ತ ನಿಧಾನವಾಗಿ ಔಷಧ ಬಿಡುವ ಗುಳಿಗೆ ತಯಾರಿಸಿ, ಅದಕ್ಕೆ ಬೇರಿಯಂ ಸಲ್ಫೇಟ್ ಸೇರಿಸಿ, ಪ್ರಾಣಿ ನೀತಿ ಸಮಿತಿಯ ಅನುಮತಿ ಪಡೆದು ಮೊಲಕ್ಕೆ ನುಂಗಿಸಿ, ಗಂಟೆಗೊಂದು ಎಕ್ಸ್‌ರೇ ತೆಗೆಯುವುದು ಇದರ ಕ್ರಮ. ಚಿತ್ರ ನೋಡಲು ಖುಷಿ: ಆರು ಗಂಟೆಯಾದರೂ ಬಿಳಿ ಚುಕ್ಕೆ ಅಲ್ಲೇ. ಆದರೆ ಇದೇ ಚಿತ್ರವನ್ನು ಅನುಮಾನದಿಂದ ನೋಡಲು ಕಲಿಸುವುದು ಉತ್ತಮ ಪಾಠ. ಬೇರಿಯಂ ಸಲ್ಫೇಟಿನ ಸಾಂದ್ರತೆ ನೀರಿನ ನಾಲ್ಕೂವರೆ ಪಟ್ಟು. ತೇಲುವ ಗುಳಿಗೆಗೆ ಅದನ್ನು ತುಂಬಿದರೆ ಅದು ಮೊದಲಿನ ಗುಳಿಗೆಯಾಗಿ ಉಳಿಯುವುದಿಲ್ಲ. ಮೊಲದ ಜಠರ ಎಂದೂ ಪೂರ್ತಿ ಬರಿದಾಗುವುದಿಲ್ಲ. ಉಪವಾಸವಿರುವ ಮನುಷ್ಯನ ಜಠರವನ್ನಾದರೋ ಒಂದೂವರೆ ಎರಡು ಗಂಟೆಗೊಮ್ಮೆ ಬಲವಾದ ಸಂಕೋಚನದ ಅಲೆಯೊಂದು ಗುಡಿಸಿ ಹಾಕುತ್ತದೆ. ಮೊಲದಲ್ಲಿ ನಿಂತ ಗುಳಿಗೆ ಏಕಾದಶಿ ಮಾಡಿ ಪಂಢರಪುರಕ್ಕೆ ನಡೆದವರ ಹೊಟ್ಟೆಯಲ್ಲೂ ನಿಂತೀತೆಂಬ ಭರವಸೆ ಇಲ್ಲ.

ಶಾಯಿಯ ಕಥೆ

ಮೆದು ಅಂಗಗಳನ್ನು ಎಕ್ಸ್‌ರೇಯಲ್ಲಿ ಎದ್ದು ಕಾಣಿಸಲು ಭಾರವಾದ ಧಾತು ಬೇಕು. ಮೊದಮೊದಲು ಬಿಸ್ಮತ್ ಬಳಸಿದರು, 1910ರ ಹೊತ್ತಿಗೆ ಬೇರಿಯಂ ಸಲ್ಫೇಟ್ ಬಂತು. ಬೇರಿಯಂ ಅಯಾನು ವಿಷ; ಸಲ್ಫೇಟ್ ನೀರಿನಲ್ಲೂ ಜಠರದ ಆಮ್ಲದಲ್ಲೂ ಕರಗದ್ದರಿಂದ ನಿರಪಾಯ. ಕಾರ್ಬೊನೇಟ್ ಆದರೆ ಆಮ್ಲದಲ್ಲಿ ಕರಗಿ ಕೊಲ್ಲುತ್ತದೆ. 2003ರಲ್ಲಿ ಬ್ರೆಜಿಲ್‌ನಲ್ಲಿ ಸೆಲೊಬಾರ್ ಎಂಬ ಬೇರಿಯಂ ತಯಾರಿಕೆಯಲ್ಲಿ ಕಾರ್ಬೊನೇಟ್ ಬೆರೆತು ಹಲವರು ಸತ್ತರು. ಲವಣದ ಕಲಬೆರಕೆ ಪರೀಕ್ಷೆಯನ್ನು ಅಂಕಕ್ಕಾಗಿ ಮಾಡುವ ಪ್ರಥಮ ವರ್ಷದವರಿಗೆ ಬೇರಿಯಂ ಕುಡಿಸಿದ ಅನ್ನನಾಳದ ಚಿತ್ರದ ಪಕ್ಕದಲ್ಲೇ ಈ ಪ್ರಕರಣವನ್ನು ಹೇಳಬೇಕು.

ಇದಕ್ಕಿಂತ ಹಳೆಯ ಪ್ರಕರಣ ಥೊರೊಟ್ರಾಸ್ಟ್‌ನದು. ಥೋರಿಯಂ ಡೈ ಆಕ್ಸೈಡಿನ ಈ ತಯಾರಿಕೆ 1930ರ ದಶಕದಿಂದ 1950ರ ದಶಕದವರೆಗೆ ರಕ್ತನಾಳಗಳ ಅತ್ಯಂತ ಸ್ಪಷ್ಟ ಚಿತ್ರ ಕೊಡುತ್ತಿತ್ತು. ದೇಹ ಅದನ್ನು ಹೊರಹಾಕಲಿಲ್ಲ. ಯಕೃತ್ತಿನಲ್ಲಿ ಕೂತು ಆಲ್ಫಾ ಕಣಗಳನ್ನು ಉಗುಳುತ್ತ ದಶಕಗಳ ಬಳಿಕ ಕ್ಯಾನ್ಸರ್ ತಂದಿತು. ಥೋರಿಯಂನ ಅರ್ಧಾಯು 1400 ಕೋಟಿ ವರ್ಷ. ಥೈರಾಯ್ಡ್ ಪರೀಕ್ಷೆಗೂ ಚಿಕಿತ್ಸೆಗೂ ಬಳಸುವ, ಪಠ್ಯದಲ್ಲೇ ಇರುವ ಅಯೋಡಿನ್-131ರ ಅರ್ಧಾಯು 8 ದಿನ. ಅರ್ಧಾಯುವಿನ ಲೆಕ್ಕಕ್ಕೆ ಮೈ ಜುಮ್ಮೆನಿಸುವ ಅರ್ಥ ಬರುವುದು ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟಾಗ.

ಇಂದಿನ ಬಳಕೆಯ ಐಯೊಹೆಕ್ಸಾಲ್ ಮೊದಲಾದ ಅಯೋಡಿನ್ ದ್ರಾವಣಗಳು ಹೆಚ್ಚು ಸುರಕ್ಷಿತ, ಆದರೂ ಔಷಧದ ಲಕ್ಷಣ ಬಿಟ್ಟಿಲ್ಲ: ಅಲರ್ಜಿ, ಮೂತ್ರಪಿಂಡಕ್ಕೆ ಭಾರ. ಮೂತ್ರಪಿಂಡ ಕುಂದಿದ ಮಧುಮೇಹಿಗೆ ಇದನ್ನು ಕೊಡುವಾಗ ಮೆಟ್‌ಫಾರ್ಮಿನ್ ನಿಲ್ಲಿಸಿ, 48 ಗಂಟೆಯ ಬಳಿಕ ಪರೀಕ್ಷೆ ನೋಡಿ ಮತ್ತೆ ಆರಂಭಿಸುವುದು ರೂಢಿ. ಎಂ.ಆರ್.ಐ.ಗೆ ಬಳಸುವ ಗ್ಯಾಡೊಲಿನಿಯಂನ ಕೆಲವು ಹಳೆಯ ತಯಾರಿಕೆಗಳು ಮೂತ್ರಪಿಂಡ ಸೋತವರಲ್ಲಿ ಚರ್ಮ ಗಟ್ಟಿಯಾಗುವ ರೋಗ ತರುತ್ತವೆಂದು 2006ರಲ್ಲಿ ತಿಳಿದುಬಂತು. ಔಷಧಗಳ ಪರಸ್ಪರ ಕ್ರಿಯೆ, ಅಡ್ಡಪರಿಣಾಮಗಳ ಪಾಠಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ.

ಕುಂಭಾರಿಯ ಎದೆ

ಈ ಸೀಮೆಯಲ್ಲಿ ಚಿತ್ರಪಾಠ ಎದೆಯ ಎಕ್ಸ್‌ರೇಯಿಂದಲೇ ಶುರುವಾಗಬೇಕು ಎನ್ನಲು ಕಾರಣವಿದೆ. ಜುನಿ ಎಂಬ ಹತ್ತಿ ಗಿರಣಿ 1877ರಲ್ಲಿ ಸ್ಥಾಪನೆಯಾದಂದಿನಿಂದ ಸೊಲ್ಲಾಪುರ ಹತ್ತಿಯ ಊರು. ಮನೆಮನೆಯಲ್ಲಿ ಬೀಡಿ ಕಟ್ಟುವ ಊರೂ ಹೌದು. ಬೀಡಿ ಕಟ್ಟುವ ಹೆಂಗಸರಿಗಾಗಿ ಕುಂಭಾರಿಯಲ್ಲಿ ಗೋದೂತಾಯಿ ಪರುಳೇಕರ್ ಅವರ ಹೆಸರಿನ 10,000 ಮನೆಗಳ ವಸತಿ ಇದೆ. ಹತ್ತಿಯ ಧೂಳು, ತಂಬಾಕಿನ ಧೂಳು, ಇಕ್ಕಟ್ಟಿನ ವಾಸ, ಕ್ಷಯ: ಎಲ್ಲವೂ ಎದೆಗೆ ಸಂಬಂಧಿಸಿದ್ದು. ಆದರೆ ಇಲ್ಲಿ ಕಲಿಯಬೇಕಾದ ಮೊದಲ ಸಂಗತಿ ಚಿತ್ರದ ಮಿತಿ. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್‌ಗೆ ರಜೆ ಮುಗಿಸಿ ಕೆಲಸಕ್ಕೆ ಹೋದ ಸೋಮವಾರ ಎದೆ ಬಿಗಿಯುವುದೇ ಗುರುತು. ಎಕ್ಸ್‌ರೇಯಲ್ಲಿ ಅದರದೇ ಆದ ವಿಶೇಷ ಚಹರೆ ಇಲ್ಲ. ಉಸಿರಿನ ಬಲ ಅಳೆಯದೆ ಅದು ಸಿಕ್ಕುವುದಿಲ್ಲ.

ಕ್ಷಯದಲ್ಲಿ ಚಿತ್ರ ಮಾತಾಡುತ್ತದೆ, ಕೆಲವೊಮ್ಮೆ ಹೆಚ್ಚೇ ಮಾತಾಡುತ್ತದೆ. ಶ್ವಾಸಕೋಶದ ಮೇಲ್ಭಾಗದ ಗೂಡು, ಸುತ್ತಲಿನ ಬಿಳಿ ಮಬ್ಬು ವಿದ್ಯಾರ್ಥಿಗೆ ಬೇಗ ಗುರುತಾಗುತ್ತವೆ. ಆರು ತಿಂಗಳ ಚಿಕಿತ್ಸೆ ಮುಗಿದು ಕಫದಲ್ಲಿ ರೋಗಾಣು ಇಲ್ಲವಾದ ಮೇಲೂ ಗಾಯದ ಕಲೆ ಚಿತ್ರದಲ್ಲಿ ಉಳಿಯಬಹುದು. ಆಗ ರೋಗಿ ಬಂದು ನಿಲ್ಲುವುದು ಮೆಡಿಕಲ್ ಅಂಗಡಿಯ ಎದುರಿಗೆ: ‘ಫೋಟೊದಾಗ ಇನ್ನಾ ಕಲಿ ಅದ, ಮತ್ತ ಗುಳಿಗಿ ತಗೋಬೇಕೇನ್ರಿ?’ ಇದಕ್ಕೆ ತದ್ವಿರುದ್ಧವಾದದ್ದು ಎರಡು ತಿಂಗಳಿಗೇ ಕೆಮ್ಮು ನಿಂತು, ಫೋಟೊ ಸುಧಾರಿಸಿ, ಗುಳಿಗೆ ಬಿಡಲು ಹೊರಡುವವರದು. ಚಿಕಿತ್ಸೆಗೆ ಮುನ್ನ, ನಡುವೆ, ಮುಗಿದ ಮೇಲೆ ಎಂದು ಒಬ್ಬರದೇ ಮೂರು ಎಕ್ಸ್‌ರೇಗಳನ್ನು ಕಫ ಪರೀಕ್ಷೆಯ ವರದಿಯೊಂದಿಗೆ ನೋಡಿದವರಿಗೆ ಎರಡೂ ಕಡೆ ಹೇಳಬೇಕಾದ ಮಾತು ಗೊತ್ತಿರುತ್ತದೆ: ಅಳತೆಗೋಲು ಕಫ, ಫೋಟೊ ಅಲ್ಲ, ಮತ್ತು ನಿಲ್ಲಿಸುವ ತೀರ್ಮಾನ ವೈದ್ಯರದು.

ಭಾಷೆ

ಮನಶ್ಶಾಸ್ತ್ರಜ್ಞ ಅಲನ್ ಪೈವಿಯೊ 1971ರಲ್ಲಿ ಮಂಡಿಸಿದ ವಾದದಂತೆ ಮಾತು ಮತ್ತು ಬಿಂಬ ನೆನಪಿನಲ್ಲಿ ಎರಡು ದಾರಿಗಳಲ್ಲಿ ಸೇರುತ್ತವೆ, ಒಂದು ಮರೆತರೆ ಇನ್ನೊಂದು ಎತ್ತಿಕೊಡುತ್ತದೆ. ಗಡಿಸೀಮೆಯ ತರಗತಿಯಲ್ಲಿ ಮಾತೇ ಮೂರು ದಾರಿ. ಪುಸ್ತಕ ಇಂಗ್ಲಿಷ್, ವಿವರಣೆ ಮರಾಠಿ ಬೆರೆತದ್ದು, ಮನೆಯಲ್ಲಿ ಕನ್ನಡ. ನಗರದ ಪದ್ಮಶಾಲಿ ಮನೆಗಳಲ್ಲಿ ತೆಲುಗು. ಜಠರ, ಯಕೃತ್, ಮೂತ್ರಪಿಂಡ ಕನ್ನಡ ಮರಾಠಿ ಎರಡಕ್ಕೂ ಸಮಾನ, ಆದರೆ ರೋಗಿಗಳ ಬಾಯಲ್ಲಿ ಅವು ಬರುವುದಿಲ್ಲ. ಅವರದು ಹೊಟ್ಟೆ, ಪೋಟ, ಎಲುಬು, ಹಾಡ, ದಮ್ಮು, ದಮಾ. ‘ಎದಿ ಉರಿ’ ಎಂದವರ ಉರಿ ಹೆಚ್ಚಾಗಿ ಜಠರದ ಆಮ್ಲ ಅನ್ನನಾಳಕ್ಕೇರಿದ್ದು, ಹೃದಯದ್ದೂ ಇರಬಹುದು. ಅನ್ನನಾಳ ಹೃದಯದ ಬೆನ್ನಿಗೇ ಇಳಿಯುವುದನ್ನು ಸಿ.ಟಿ. ಬಿಲ್ಲೆಯಲ್ಲಿ ಕಂಡವರಿಗೆ ಒಂದೇ ಮಾತಿನಲ್ಲಿ ಎರಡು ಅಂಗ ಅಡಗಿರುವುದೇಕೆಂದು ಹೊಳೆಯುತ್ತದೆ. ಆಮ್ಲಶಾಮಕ ಕೊಟ್ಟು ಕಳಿಸುವ ಮುನ್ನ ಬೆವರು ಬಂತೇ, ತೋಳು ನೋಯುತ್ತದೆಯೇ ಎಂದು ಕೇಳುತ್ತಾರೆ.

ಕಾನೂನು, ಮೂಲ, ಬಳಕೆ

ಕಾಲೇಜು ಯಂತ್ರ ಕೊಳ್ಳುವುದು ಸುಲಭವಲ್ಲ, ಅಗತ್ಯವೂ ಇಲ್ಲ. ಎಕ್ಸ್‌ರೇ ಉಪಕರಣಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ಸೋನೋಗ್ರಫಿ ಯಂತ್ರವನ್ನು ನೋಂದಾಯಿತ ಕೇಂದ್ರಕ್ಕಲ್ಲದೆ ಮಾರುವಂತಿಲ್ಲ. ಪಾಠಕ್ಕಾಗಿ ಯಾರಿಗೂ ಹೊಸದಾಗಿ ಕಿರಣ ಹಾಯಿಸಲೂ ಬಾರದು. ನಿಸರ್ಗದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ಎದೆಯ ಒಂದು ಎಕ್ಸ್‌ರೇ ಅದರ ಅಲ್ಪಾಂಶ, ಹೊಟ್ಟೆಯ ಒಂದು ಸಿ.ಟಿ. ಅದರ ಮೂರು ನಾಲ್ಕು ಪಟ್ಟು.

ತೆಗೆದಿಟ್ಟ ಚಿತ್ರಗಳಿಗೆ ಬರವಿಲ್ಲ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1994ರಲ್ಲಿ ಒಬ್ಬ ಗಂಡಸಿನ, ಮರುವರ್ಷ ಒಬ್ಬ ಹೆಂಗಸಿನ ಇಡೀ ದೇಹದ ಪದರಚಿತ್ರಗಳನ್ನು ಬಿಡುಗಡೆ ಮಾಡಿತು. ಗಂಡಸಿನದು 1 ಮಿ.ಮೀ. ಅಂತರದ 1,871 ಪದರ. 2017ರಲ್ಲಿ ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1,12,120 ಎದೆ ಎಕ್ಸ್‌ರೇಗಳನ್ನು ಹೆಸರು ತೆಗೆದು ಹೊರತಂದಿತು. ಆಸ್ಟ್ರೇಲಿಯದ ವೈದ್ಯ ಫ್ರಾಂಕ್ ಗೇಯ್ಲಾರ್ಡ್ 2005ರಲ್ಲಿ ಆರಂಭಿಸಿದ ರೇಡಿಯೊಪೀಡಿಯಾ ತಾಣದಲ್ಲಿ ವಿವರಣೆ ಸಹಿತ ಪ್ರಕರಣಗಳಿವೆ. ಇವುಗಳಲ್ಲಿ ಇಲ್ಲದ್ದು ಬೀಡಿ ಕಟ್ಟುವವರ ಎದೆ. ಅದು ಸ್ಥಳೀಯ ಆಸ್ಪತ್ರೆಯಿಂದಲೇ ಬರಬೇಕು, ಬರುವಾಗ ರೋಗಿಯ ಗುರುತು ಕಳಚಿ ಬರಬೇಕು. ಡೈಕಾಮ್ ಮಾದರಿಯ ಕಡತದಲ್ಲಿ ಚಿತ್ರದ ಮೇಲಿನ ಹೆಸರು ಅಳಿಸಿದರೂ ಒಳಗಿನ ತಲೆಬರಹದಲ್ಲಿ ಹೆಸರು, ವಯಸ್ಸು, ಆಸ್ಪತ್ರೆ ಸಂಖ್ಯೆ ಉಳಿದಿರುತ್ತವೆ. ಮೊಬೈಲಿನಲ್ಲಿ ಕ್ಲಿಕ್ಕಿಸಿ ತರಗತಿಯ ಗುಂಪಿಗೆ ಹಾಕುವುದು ಎಲ್ಲಕ್ಕಿಂತ ಕೆಟ್ಟ ರೂಢಿ.

ಹಾಳೆಯ ಫಿಲ್ಮ್ ಈಗ ಅಪರೂಪವಾಗುತ್ತಿದೆ. ಅದರಲ್ಲಿರುವ ಬೆಳ್ಳಿಗಾಗಿ ಗುಜರಿಯವರು ಕೊಳ್ಳುತ್ತಾರೆ. ಸಿಕ್ಕಿದರೆ, ಮೂಲೆಯ ಹೆಸರನ್ನು ಕತ್ತರಿಸಿ ತೆಗೆದು, ದೀಪದ ಪೆಟ್ಟಿಗೆ ಇಲ್ಲದ ಕಡೆ ಕಿಟಕಿಯ ಗಾಜಿಗೆ ಅಂಟಿಸಿದರೂ ಪಾಠ ನಡೆಯುತ್ತದೆ. ಅಂಟಿಸುವಾಗ ಎಡಬಲ ತೋರಿಸುವ ಸೀಸದ ಅಕ್ಷರದ ಗುರುತು ನೋಡಿಕೊಳ್ಳಬೇಕು. ನೋಡದೆ ತಿರುವಿ ಹಿಡಿದರೆ ಹೃದಯ ಬಲಕ್ಕೂ ಯಕೃತ್ತು ಎಡಕ್ಕೂ ಹೋಗಿ ಕೂರುತ್ತವೆ, ಹಿಂದಿನ ಬೆಂಚಿನವರು ಹಾಗೆಯೇ ಬರೆದುಕೊಳ್ಳುತ್ತಾರೆ.